ಗೋಬಿ ಕೂತ ಹವಳ ಮುದುಡಿದೆ, ಮೀನು ವಾಪಸ್ ಕೊಡಲೇ?

ನಿಮ್ಮ ಉಪ್ಪುನೀರಿನ ತೊಟ್ಟಿಯ ಹಳದಿ ಗೋಬಿ ಮೀನು ದಿನವಿಡೀ ಅಣಬೆ ಹವಳದ ಮೇಲೇ ಕೂತಿರುತ್ತದೆ, 4 ದಿನದಿಂದ ಹವಳ ಪಾಲಿಪ್ (ಹೂವಿನಂತೆ ಅರಳುವ ಪುಟ್ಟ ಬಾಯಿಗಳು) ಬಿಚ್ಚಿಲ್ಲ, ಮೀನನ್ನು ಅಂಗಡಿಗೆ ವಾಪಸ್ ಕೊಡಲೇ ಎಂದು ಕೇಳಿದ್ದೀರಿ. ದಯವಿಟ್ಟು ಕೊಡಬೇಡಿ, ಇನ್ನೊಂದು ವಾರ ತಡೆಯಿರಿ.

ಬದಿಯಿಂದ ಟಾರ್ಚ್ ಹಿಡಿದು ಹವಳವನ್ನು ನೋಡಿ. ಮೇಣ ಸವರಿದಂತೆ ಹೊಳೆಯುತ್ತಿದ್ದರೆ ಅದು ಪೊರೆ ಬಿಡುತ್ತಿದೆ. ಈ ಜಾತಿಯ ಮೃದು ಹವಳ ಆಗಾಗ ಹೀಗೆ ಮುಚ್ಚಿಕೊಂಡು, ಮೈಮೇಲೆ ಕೂತ ಪಾಚಿ, ಕಸವನ್ನೆಲ್ಲ ತೆಳ್ಳನೆಯ ಪೊರೆ ಸಮೇತ ಕಳಚಿ ಹಾಕುತ್ತದೆ. ಕೈಯಿಂದ ಸುಲಿಯಬೇಡಿ. ನೀರನ್ನು ಅಲೆಯಾಡಿಸುವ ಪಂಪು, ಅದೇ ವೇವ್‌ಮೇಕರ್, ಸ್ವಲ್ಪ ಆ ಕಡೆ ತಿರುಗಿಸಿದರೆ ನೀರೇ ಎಬ್ಬಿಸಿಕೊಂಡು ಹೋಗುತ್ತದೆ. ನನ್ನ ತೊಟ್ಟಿಯಲ್ಲಿ ಒಮ್ಮೆ 9 ದಿನ ಹಿಡಿದಿತ್ತು.

ಇನ್ನು ಮೀನು. ಕುಸುಬೆ ಹೂವಿನ ಬಣ್ಣದ, ಮೂರೂವರೆ ಸೆಂಟಿಮೀಟರಿನ ಜೀವ ಅದು. ಈಜದೆ ಕೂರುವುದು ಕಾಯಿಲೆಯಲ್ಲ. ಹೊಟ್ಟೆಯಡಿಯ ಎರಡು ರೆಕ್ಕೆ ಕೂಡಿ ಬಟ್ಟಲಿನಂತಾಗಿರುತ್ತವೆ, ಅದನ್ನೇ ಊರಿ ಕೂರುತ್ತದೆ. ಕಡಲಲ್ಲಿ ಇದರ ಮನೆ ಅಕ್ರೋಪೋರಾ ಎಂಬ ಕವಲು ಹವಳ. ಇದರದೇ ಕುಲದ ಹಸಿರು ಗೋಬಿಯನ್ನು ಫಿಜಿಯಲ್ಲಿ ಗಮನಿಸಿದವರು 2012ರಲ್ಲಿ ಬರೆದದ್ದನ್ನು ಓದಿ ನನಗೆ ಮೈ ಜುಮ್ಮೆಂದಿತ್ತು: ವಿಷದ ಪಾಚಿ ತಗುಲಿದ ಹವಳ ನೀರಿಗೆ ರಾಸಾಯನಿಕ ಸುಳಿವು ಬಿಡುತ್ತದೆ, 15 ನಿಮಿಷದೊಳಗೆ ಗೋಬಿ ಬಂದು ಪಾಚಿ ಕತ್ತರಿಸುತ್ತದೆ! ಹಾಗಂತ ಅಕ್ರೋಪೋರಾ ಹುಡುಕಲು ಹೋಗಬೇಡಿ. ಅದರಂಥ ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ನೇತ್ರಾಣಿ ದ್ವೀಪದ ಹವಳ ನೇತ್ರಾಣಿಯಲ್ಲೇ ಇರಲಿ.

ನನಗೆ ಅನುಮಾನ ಇರುವುದು ನೀರಿನ ಮೇಲೆ. ನೀವು ಬಾಗಲಕೋಟೆಯವರು, ನಾನು ವಿಜಯಪುರದವನು. ನಮ್ಮ ಬೇಸಿಗೆಯ ಒಣಗಾಳಿಗೆ, ಅದರ ಮೇಲೆ ತಂಪಿಗೆಂದು ಫ್ಯಾನ್ ಹಾಕಿದ್ದರೆ, ತೊಟ್ಟಿಯ ನೀರು ದಿನಾ ಬೆರಳಗಲ ಇಳಿಯುತ್ತದೆ. ಆವಿಯಾಗುವುದು ನೀರು, ಉಪ್ಪು ಅಲ್ಲೇ ಉಳಿಯುತ್ತದೆ. ಮೊದಲ ಬೇಸಿಗೆಯಲ್ಲಿ ನಾನು ಇಳಿದಷ್ಟೂ ಉಪ್ಪುನೀರನ್ನೇ ತುಂಬಿ ಎರಡು ಗೋಬಿ ಕಳೆದುಕೊಂಡೆ, ಇಂದಿಗೂ ಸಂಕಟವಾಗುತ್ತದೆ. ಆರ್‌ಒ ಸಿಹಿನೀರನ್ನಷ್ಟೇ ಹಾಕಿ, ಬೋರಿನ ನೀರು ಬೇಡವೇ ಬೇಡ. ಉಪ್ಪಿನಂಶ ಅಳೆಯುವ ರಿಫ್ರ್ಯಾಕ್ಟೋಮೀಟರಿನಲ್ಲಿ 1.025 ಬರಲಿ, ಶಾಖ 27 ಡಿಗ್ರಿ ದಾಟದಿರಲಿ.

ಗೋಬಿಯ ಹೊಟ್ಟೆ ಒಳಗೆ ಸೇರಿದೆಯೇ ನೋಡಿ. ಬಾಯಿ ಪುಟ್ಟದು, ಸ್ವಭಾವ ಸಂಕೋಚದ್ದು. ಕ್ಲೌನ್ ಮೀನುಗಳು ಇದರ ಪಾಲನ್ನೂ ಕಬಳಿಸುತ್ತವೆ. ಫ್ರೀಜ್ ಮಾಡಿದ ಸೈಕ್ಲಾಪ್ಸ್ ಎಂಬ ಪುಟ್ಟ ಜಲಜೀವಿಗಳನ್ನು ಕರಗಿಸಿ, ಅದು ಕೂತಲ್ಲಿಗೇ ಡ್ರಾಪರಿನಿಂದ ದಿನಕ್ಕೆ 2–3 ಸಲ ಬಿಡಿ. ನಾನು ಕಂಡಂತೆ ಹಸಿದ ಗೋಬಿಯೇ ಪಾಲಿಪ್ ಹೆಚ್ಚು ಕಚ್ಚುತ್ತದೆ.

ಎರಡು ವಾರವಾದರೂ ಹವಳ ಬಿಚ್ಚದೆ, ಬುಡ ಕಪ್ಪಾಗಿ ಮೆತ್ತಗಾದರೆ ತಡಮಾಡದೆ ಫೋಟೊ ಹಾಕಿ.