ನಿಮ್ಮ ಲೇಖನದಲ್ಲಿ ಚೆಂಡೇ ಇಲ್ಲ

ಪ್ರಿಯ ಲೇಖಕರೇ,

‘ಮರೆತುಹೋದ ಮಾಂತ್ರಿಕ’ ತಲುಪಿತು. ಬೆಂಗಳೂರಿನ ಆಸ್ಟಿನ್ ಟೌನ್ ಕಡೆಯ ಒಂದು ಸಣ್ಣ ಫುಟ್‌ಬಾಲ್ ಕ್ಲಬ್. 1984ರಿಂದ 1991ರವರೆಗೆ ಅಲ್ಲಿ ಲೆಫ್ಟ್ ಔಟ್, ಅಂದರೆ ಎಡಬದಿಯ ವಿಂಗರ್, ಆಗಿ ಆಡಿದ ಒಬ್ಬರು. ಅವರ ಕಾಲದಲ್ಲೇ ಎ ಡಿವಿಷನ್‌ನಿಂದ ಜಾರಿ ಮತ್ತೆ ಮೇಲೇಳದ ತಂಡ. ಆದರೂ ಅವರ ಹೆಸರೆತ್ತಿದರೆ ಟೀ ಆರಿಹೋಗುವವರೆಗೂ ಮಾತಾಡುವ ಹಳೇ ಅಭಿಮಾನಿಗಳು. ವಿಷಯ ಒಳ್ಳೆಯದು. ಲೇಖನ ಈಗಿರುವಂತೆ ಪ್ರಕಟಿಸಲು ಆಗುವುದಿಲ್ಲ. ತಿದ್ದಿ ಕಳಿಸಿದರೆ ಹಾಕುವ ಮನಸ್ಸಿದೆ, ಅದಕ್ಕೇ ಇಷ್ಟುದ್ದದ ಪತ್ರ.

‘ಮಾಂತ್ರಿಕ’ ಎಂಬ ಪದ ಹದಿನಾಲ್ಕು ಸಲ ಬಂದಿದೆ, ‘ನಮ್ಮ ಮರಡೋನಾ’ ಐದು ಸಲ. ಅವರು ಚೆಂಡನ್ನು ಯಾವ ಕಾಲಲ್ಲಿ ತಡೆಯುತ್ತಿದ್ದರು, ಎದುರಿನ ಬ್ಯಾಕ್‌ನ (ರಕ್ಷಣೆಯ ಆಟಗಾರನ) ಯಾವ ಬದಿಯಿಂದ ದಾಟುತ್ತಿದ್ದರು ಎಂಬುದು ಒಂದು ಸಲವೂ ಬಂದಿಲ್ಲ. ಡ್ರಿಬಲ್ ಎಂದರೆ ಎದುರಿನವನ ಮೈಭಾರದ ಜೊತೆ ಆಡುವ ಆಟ. ಎಡಬದಿಯ ವಿಂಗರ್ ಭುಜ ತಗ್ಗಿಸಿ ಒಳಕ್ಕೆ ನುಗ್ಗುವಂತೆ ತೋರಿಸುತ್ತಾನೆ. ರೈಟ್ ಬ್ಯಾಕ್ ನಂಬಿ ತನ್ನ ಎಡಗಾಲಿಗೆ ಭಾರ ಹಾಕುತ್ತಾನೆ. ಈಗ ಬಲಕ್ಕೆ ತಿರುಗಬೇಕಾದರೆ ಆತ ಮೊದಲು ನಿಲ್ಲಬೇಕು, ಆಮೇಲೆ ಅದೇ ಕಾಲನ್ನು ಊರಿ ತಳ್ಳಿಕೊಂಡು ಹೊರಡಬೇಕು. ಆ ಅರ್ಧ ಹೆಜ್ಜೆಯೊಳಗೆ ಎಡಗಾಲಿನ ಹೊರಅಂಚು ತಾಕಿದ ಚೆಂಡು ಟಚ್‌ಲೈನ್ ಹಿಡಿದು ಹೋಗಿರುತ್ತದೆ. ನಿಮ್ಮ ಆಟಗಾರ ಇದನ್ನೇ ಮಾಡುತ್ತಿದ್ದರೋ, ಒಳಕ್ಕೆ ಕಟ್ ಮಾಡುತ್ತಿದ್ದರೋ? ಓದುಗನಿಗೆ ಬೇಕಾದದ್ದು ಅದು. ಒಂದೇ ಒಂದು ದಾಟು ಹೀಗೆ ಬರೆದರೆ ಹದಿನಾಲ್ಕು ‘ಮಾಂತ್ರಿಕ’ರನ್ನೂ ಮನೆಗೆ ಕಳಿಸಬಹುದು.

ಮೈದಾನವನ್ನೂ ಮರೆತಿದ್ದೀರಿ. ‘ಹಚ್ಚಹಸಿರು ಹುಲ್ಲಿನ ಮೇಲೆ ಜಿಂಕೆಯಂತೆ’ ಎಂದು ಬರೆದು, ಎರಡು ಪುಟದ ಮೇಲೆ ಅದೇ ಪಂದ್ಯದಲ್ಲಿ ಕೆಂಪು ಧೂಳು ಎಬ್ಬಿಸಿದ್ದೀರಿ. ಧೂಳೇ ನಿಜವಿರಬೇಕು. ಹಾಗಿದ್ದರೆ ಅದನ್ನು ದುಡಿಸಿಕೊಳ್ಳಿ. ಒಣಗಿದ ಮಣ್ಣಿನಲ್ಲಿ ಒಂದು ಕಲ್ಲು ಸಿಕ್ಕರೂ ಚೆಂಡು ಮೊಣಕಾಲೆತ್ತರ ಪುಟಿಯುತ್ತದೆ. ಮಳೆ ಬಿದ್ದ ಮಾರನೇ ದಿನ ಕೆಸರಿಗೆ ಕಚ್ಚಿಕೊಂಡು ನಿಲ್ಲುತ್ತದೆ. ಅಂಥಲ್ಲಿ ಚೆಂಡನ್ನು ಮುಂದೆ ಬಿಟ್ಟು ಓಡಿದವನು ಕೆಟ್ಟ. ಹೆಜ್ಜೆಗೊಂದು ತಾಕು ಕೊಟ್ಟು ಕಾಲಿಗಂಟಿಸಿಕೊಳ್ಳಬೇಕು. ‘ಕಾಲಿಗೆ ಗೋಂದು’ ಎಂದು ಅಭಿಮಾನಿಗಳು ಹೇಳಿದ ಮಾತನ್ನು ಉಪಮೆಯೆಂದು ದಾಟಿಬಿಟ್ಟಿದ್ದೀರಿ. ಆ ಗೋಂದು ಆ ಮಣ್ಣು ಕಲಿಸಿದ್ದು.

ಇನ್ನು ನಿಮ್ಮ ಲೇಖನದ ಚಿನ್ನದ ತುಂಡು, ನೀವೇ ಗಮನಿಸದೆ ಏಳನೇ ಪ್ಯಾರಾದಲ್ಲಿ ಹೂತಿಟ್ಟದ್ದು. 1987ರ ಪಂದ್ಯ, ಡ್ರಾ ಆಗಿದ್ದರೂ ತಂಡ ಎ ಡಿವಿಷನ್‌ನಲ್ಲಿ ಉಳಿಯುತ್ತಿತ್ತು. ಕೊನೆಯ ನಿಮಿಷಗಳಲ್ಲಿ ಅವರು ಹೊಡೆದ ಗೋಲನ್ನು ಲೈನ್ಸ್‌ಮನ್ ಆಫ್‌ಸೈಡ್ ಎಂದು ಬಾವುಟ ಎತ್ತಿ ಕೆಡಿಸಿದ. ‘ಬ್ಯಾಕ್‌ನ ಸಮಕ್ಕೇ ಇದ್ದರು, ಒಂದಿಂಚೂ ಮುಂದಿರಲಿಲ್ಲ’ ಎಂದು ನಾಲ್ವರು ಅಭಿಮಾನಿಗಳು ನಿಮಗೆ ಬೇರೆ ಬೇರೆಯಾಗಿ ಹೇಳಿದ್ದಾರೆ. ನೀವೂ ಅವರ ಜೊತೆ ಸೇರಿ ಲೈನ್ಸ್‌ಮನ್‌ಗೆ ಎರಡು ಸಾಲು ಶಾಪ ಹಾಕಿದ್ದೀರಿ. ಆದರೆ ಕೊನೆಯಿಂದ ಎರಡನೇ ಎದುರಾಳಿಯ (ಕೊನೆಯವನು ಸಾಮಾನ್ಯವಾಗಿ ಗೋಲ್‌ಕೀಪರ್) ಸಮಕ್ಕಿದ್ದರೆ ಆಫ್‌ಸೈಡ್ ಅಲ್ಲ ಎಂಬ ನಿಯಮ ಬಂದದ್ದು 1990ರಲ್ಲಿ. 1987ರಲ್ಲಿ ಸಮಕ್ಕಿದ್ದರೂ ಆಫ್‌ಸೈಡೇ. ಅಂದರೆ ಅಭಿಮಾನಿಗಳ ಸಾಕ್ಷಿ ಅಕ್ಷರಶಃ ನಿಜವಾಗಿದ್ದರೆ, ಇಷ್ಟು ವರ್ಷ ಬೈಗುಳ ತಿಂದ ಆ ಮನುಷ್ಯ ಸರಿಯಾಗಿಯೇ ಬಾವುಟ ಎತ್ತಿದ್ದ! ಲೇಖನ ಇಲ್ಲಿಂದ ಶುರುವಾಗಲಿ. ಸೋತ ತಂಡದ ಜನ ಒಬ್ಬ ಆಟಗಾರನನ್ನು ಯಾಕೆ ಹೀಗೆ ಎದೆಗವಚಿಕೊಳ್ಳುತ್ತಾರೆ ಎಂಬ ಪ್ರಶ್ನೆಗೆ ಉತ್ತರವೂ ಇದರಲ್ಲೇ ಇದೆ. ಅವರ ಹತ್ತಿರ ಕಪ್ ಇಲ್ಲ, ಅಂಕಪಟ್ಟಿಯಲ್ಲಿ ತೋರಿಸುವಂಥದ್ದು ಏನೂ ಇಲ್ಲ. ಇರುವುದು ಆ ಒಂದು ಗೋಲು, ಅದೂ ಲೆಕ್ಕಕ್ಕೆ ಸೇರದ್ದು. ನಿಯಮ ಹೇಳಿ ಅವರನ್ನು ಗೇಲಿ ಮಾಡಬೇಡಿ. ಎರಡನ್ನೂ ಪಕ್ಕಪಕ್ಕ ಇಡಿ, ಸಾಕು. (ಇದೇ ಜಾತಿಯ ಇನ್ನೊಂದು ತಪ್ಪು: 1986ರಲ್ಲಿ ಬ್ಯಾಕ್‌ಪಾಸನ್ನು, ಅಂದರೆ ತನ್ನ ತಂಡದವನೇ ಕಾಲಲ್ಲಿ ಹಿಂದಕ್ಕೆ ಕೊಟ್ಟ ಚೆಂಡನ್ನು, ಕೈಯಲ್ಲಿ ಹಿಡಿದ ಗೋಲ್‌ಕೀಪರ್‌ಗೆ ಫ್ರೀಕಿಕ್ ಶಿಕ್ಷೆ ಕೊಡಿಸಿದ್ದೀರಿ. ಆ ನಿಯಮ 1992ರದ್ದು. ತೆಗೆಯಿರಿ.)

‘ಮುನ್ನೂರು ಗೋಲು’ ನಂಬಲಾಗದು. ಏಳು ವರ್ಷಕ್ಕೆ ಭಾಗಿಸಿದರೆ ವರ್ಷಕ್ಕೆ ನಲವತ್ತಮೂರರ ಹತ್ತಿರ, ಅದೂ ಸೋಲುವ ತಂಡದಲ್ಲಿ, ವಿಂಗ್‌ನಿಂದ. ಲೀಗ್ ಪಂದ್ಯದ ವರದಿ ಪತ್ರಿಕೆಯಲ್ಲಿ ಬಂದರೂ ಸಾಮಾನ್ಯವಾಗಿ ನಾಲ್ಕೈದು ಸಾಲು, ಗೋಲು ಹೊಡೆದವರ ಹೆಸರು. ಬದಿಯಿಂದ ಗೋಲಿನ ಮುಂದಕ್ಕೆ ಕ್ರಾಸ್ ಕೊಟ್ಟವನ ಹೆಸರು ಅಲ್ಲಿ ಇರುವುದಿಲ್ಲ. ಲೆಫ್ಟ್ ಔಟ್ ಆಡಿದವನ ದುಡಿಮೆಯ ದೊಡ್ಡ ಪಾಲು ದಾಖಲೆಯಿಂದ ಹೊರಗೆ ಬೀಳುವುದು ಹೀಗೆ, ಅಭಿಮಾನಿಗಳ ಬಾಯಲ್ಲಿ ಸಂಖ್ಯೆ ಉಬ್ಬುವುದೂ ಅದಕ್ಕೇ. ಸಂಖ್ಯೆ ಬಿಟ್ಟು ಈ ಕಾರಣ ಬರೆಯಿರಿ.

‘ವಿಧಿಯಾಟದಿಂದ ಮೊಣಕಾಲು ಕೈಕೊಟ್ಟಿತು’ ಎಂಬ ವಾಕ್ಯದಲ್ಲಿ ಕಾಲು ಕೈ ಕೊಡುವುದು ಹಾಗಿರಲಿ, ವಿಧಿಯನ್ನು ಎಳೆದು ತರುವ ಅಗತ್ಯವೇ ಇರಲಿಲ್ಲ. ನೀವೇ ಕೊಟ್ಟಿರುವ ವಿವರ ನೋಡಿ: ಯಾರೂ ತಾಕಿರಲಿಲ್ಲ, ತಿರುಗುವಾಗ ‘ಟಪ್’ ಅಂದಿತು, ರಾತ್ರಿಯೊಳಗೆ ಊದಿತು, ಮೂರು ವಾರದ ಮೇಲೆ ನೇರ ಓಡಿದರು, ಪಂದ್ಯಕ್ಕಿಳಿದ ದಿನ ತಿರುಗುವಾಗ ಮತ್ತೆ ಬಿದ್ದರು. ಮೊಣಕಾಲೊಳಗಿನ ಎಸಿಎಲ್ ಎಂಬ ಕಟ್ಟು ಹರಿದಾಗ ಆಗುವುದು ಬಹುಮಟ್ಟಿಗೆ ಹೀಗೆಯೇ. ಊರಿದ ಪಾದ ನೆಲಕ್ಕೆ ಕಚ್ಚಿ ಮೈ ತಿರುಗಿದಾಗ ಅದು ಹರಿಯುತ್ತದೆ. ಊತ ಇಳಿದ ಮೇಲೆ ನಡೆಯಬಹುದು, ನೇರ ಓಡಲೂಬಹುದು. ಹಾಗಾಗಿ ಉಳುಕು ಎಂದು ಎಣ್ಣೆ ನೀವಿ, ಪಟ್ಟಿ ಸುತ್ತಿ ಮತ್ತೆ ಇಳಿಸುತ್ತಾರೆ. ಕಟ್ ಮಾಡಲು ಹೋದಾಗ ಕಾಲು ಸಡಿಲಿ ಕುಸಿಯುತ್ತದೆ, ಪ್ರತಿ ಸಲ ಕುಸಿದಾಗಲೂ ಒಳಗಿನ ಮೆತ್ತೆಯಂಥ ಮೃದ್ವಸ್ಥಿ ಇನ್ನಷ್ಟು ಹಾಳಾಗುತ್ತದೆ. ಇವತ್ತು ಶಸ್ತ್ರಚಿಕಿತ್ಸೆ ಆದ ಮೇಲೂ ಆಟಕ್ಕೆ ಮರಳಲು ಸುಮಾರು ಒಂಬತ್ತು ತಿಂಗಳು ಬೇಕು. ವಿಂಗರ್‌ಗೆ ತಿರುಗುವುದೇ ಅನ್ನ. ಕುಟುಂಬದ ಒಪ್ಪಿಗೆ ಪಡೆದು ಆಸ್ಪತ್ರೆ ಚೀಟಿ ಏನಾದರೂ ಉಳಿದಿದೆಯೇ ಕೇಳಿ. ಇಲ್ಲದಿದ್ದರೆ ಎಸಿಎಲ್ ಎಂದು ಹೆಸರಿಸದೆ, ಕಂಡದ್ದನ್ನಷ್ಟೇ ಬರೆಯಿರಿ. ‘ಕೆಟ್ಟ ಸಹವಾಸ’ ಎಂಬ ಒಂದೂವರೆ ಸಾಲಿಗೂ ಇದೇ ಮಾತು. ಅವರೇ ಹೇಳಿದ್ದರೆ ಬಿಡಿಸಿ ಬರೆಯಿರಿ, ಇನ್ಯಾರೋ ಪಿಸುಗುಟ್ಟಿದ್ದಾದರೆ ಕೈಬಿಡಿ.

‘ಕೋಲ್ಕತ್ತಕ್ಕೆ ಹೋಗಿದ್ದರೆ’ ಎಂದು ಮೂರು ಕಡೆ ನಿಟ್ಟುಸಿರು ಬಿಟ್ಟಿದ್ದೀರಿ. ಯಾಕೆ ಹೋಗಲಿಲ್ಲ? ಈ ಊರಿನ ಅಹ್ಮದ್ ಖಾನ್ ಅಲ್ಲಿನ ಈಸ್ಟ್ ಬೆಂಗಾಲ್ ಕ್ಲಬ್‌ಗೆ ಹೋಗಿ ಅದರ ‘ಪಂಚ ಪಾಂಡವ’ರೆಂಬ ಐವರು ಫಾರ್ವರ್ಡ್‌ಗಳಲ್ಲಿ ಒಬ್ಬರಾದವರು, ದಾರಿ ಗೊತ್ತಿಲ್ಲದ್ದೇನಲ್ಲ. ಆದರೆ ಎಂಬತ್ತರ ದಶಕದ ಬೆಂಗಳೂರಿನಲ್ಲಿ ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆ ತಂಡಕ್ಕೆ ಸೇರುವುದೆಂದರೆ ಆಟದ ಜೊತೆ ಕಾಯಂ ನೌಕರಿ. ನಿಮ್ಮವರಿಗೆ ಅಂಥ ಕರೆ ಬಂದಿತ್ತೇ? ಬಂದರೂ ಬಡಾವಣೆಯ ಕ್ಲಬ್ ಬಿಡಲಿಲ್ಲವೇ, ಟ್ರಯಲ್ಸ್ ದಿನ ಮೊಣಕಾಲು ಊದಿತ್ತೇ? ಈ ಒಂದು ಉತ್ತರ ಸಿಕ್ಕರೆ ಮೂರು ನಿಟ್ಟುಸಿರೂ ಬೇಡ.

ಇಂಗ್ಲೆಂಡಿನ ರಾಬಿನ್ ಫ್ರೈಡೇ ಬಗ್ಗೆ ಸ್ವಲ್ಪ ಓದಿಕೊಳ್ಳಿ. 1974ರಲ್ಲಿ ನಾಲ್ಕನೇ ಡಿವಿಷನ್‌ನ ರೆಡಿಂಗ್ ಕ್ಲಬ್‌ಗೆ ಬಂದರು, 1976ರಲ್ಲಿ ತಂಡವನ್ನು ಮೂರನೆಯದಕ್ಕೆ ಏರಿಸಿದವರಲ್ಲಿ ಮುಂದಿದ್ದರು, ಆ ವರ್ಷದ ಕೊನೆಗೆ ಕಾರ್ಡಿಫ್‌ಗೆ ಮಾರಾಟವಾದರು, 25ನೇ ವಯಸ್ಸಿಗೆ ಆಟ ಬಿಟ್ಟರು, 1990ರಲ್ಲಿ 38ಕ್ಕೆ ತೀರಿಕೊಂಡರು. ಮೊದಲ ಡಿವಿಷನ್‌ನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಟ್ರಾನ್‌ಮೇರ್ ವಿರುದ್ಧ 1976ರ ಮಾರ್ಚ್ 31ರಂದು ಅವರು ಹೊಡೆದ ಗೋಲಿನ ಚಿತ್ರೀಕರಣವಿಲ್ಲ: ಗೋಲಿಗೆ ಬೆನ್ನು ಹಾಕಿ ಎದೆಯಲ್ಲಿ ಚೆಂಡು ಇಳಿಸಿಕೊಂಡು, ತಿರುಗುತ್ತಲೇ ಹೊಡೆದದ್ದು. ತಾನು ಕಂಡ ಅತ್ಯುತ್ತಮ ಗೋಲು ಅದು ಎಂದವರು ಅಭಿಮಾನಿಯಲ್ಲ, ಆ ಪಂದ್ಯದ ರೆಫರಿ ಕ್ಲೈವ್ ಥಾಮಸ್. ಆ ಸಾಕ್ಷಿಗೆ ತೂಕ ಬಂದದ್ದು ಅಲ್ಲಿಂದ. ನೀವು ಮಾತಾಡಿಸಿದ ಹನ್ನೊಂದು ಮಂದಿಯೂ ನಿಮ್ಮ ಕ್ಲಬ್‌ನವರೇ. ನಿಮ್ಮ ಆಟಗಾರನ ಎದುರು ಆಡಿದ ರೈಟ್ ಬ್ಯಾಕ್ ಒಬ್ಬರನ್ನು ಹುಡುಕಿ. ‘ಹೇಗೆ ಆಡುತ್ತಿದ್ದರು’ ಎಂದು ಕೇಳಬೇಡಿ, ‘ಅಬ್ಬಾ’ ಎಂದಷ್ಟೇ ಉತ್ತರ ಬರುತ್ತದೆ. ‘ನಿಮ್ಮನ್ನು ಯಾವ ಕಡೆಯಿಂದ ದಾಟುತ್ತಿದ್ದರು, ತಡೆಯಲು ಕೋಚ್ ಏನು ಹೇಳಿದ್ದರು, ಎಷ್ಟು ದೂರ ನಿಲ್ಲುತ್ತಿದ್ದಿರಿ’ ಎಂದು ಕೇಳಿ.

ಭಾಷೆ. ಗ್ಯಾಲರಿಯಲ್ಲಿ ಯಾರೂ ‘ಎಂತಹ ಅದ್ಭುತ ಚಾಕಚಕ್ಯತೆ!’ ಎಂದು ಕೂಗುವುದಿಲ್ಲ. ಆಸ್ಟಿನ್ ಟೌನ್, ಗೌತಮಪುರದ ಮೈದಾನದಲ್ಲಿ ಕನ್ನಡದ ಜೊತೆ ತಮಿಳೂ ದಖನಿಯೂ ಒಂದೇ ಉಸಿರಿಗೆ ಬರುತ್ತವೆ. ‘ಅಡಿಡಾ’ ಎಂದು ಕೂಗಿದ್ದರೆ ‘ಅಡಿಡಾ’ ಎಂದೇ ಬರೆಯಿರಿ, ನಮ್ಮ ಓದುಗರಿಗೆ ಅರ್ಥವಾಗುತ್ತದೆ.

ಕೊನೆಯ ಪ್ಯಾರಾ ಪೂರ್ತಿ ಹೊಡೆದುಹಾಕಿ. ‘ಕರ್ನಾಟಕದ ಫುಟ್‌ಬಾಲ್ ಅಂದೇ ಸತ್ತಿತು’ ಎಂದಿದ್ದೀರಿ. ಬೆಂಗಳೂರು ಎಫ್‌ಸಿ ತನ್ನ ಮೊದಲ ಋತುವಿನಲ್ಲೇ, 2013-14ರಲ್ಲಿ, ಆಗಿನ ರಾಷ್ಟ್ರೀಯ ಲೀಗ್ ಆದ ಐ-ಲೀಗ್ ಗೆದ್ದಿತು. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ 54 ವರ್ಷದ ಮೇಲೆ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ತಂದಿತು. ಸೋತದ್ದು ನಿಮ್ಮ ಕ್ಲಬ್, ಅಷ್ಟು ಸಾಕು.

1,200 ಪದದೊಳಗೆ ತನ್ನಿ. ತಂಡದ ಫೋಟೊ ಚೆನ್ನಾಗಿದೆ, ಬಳಸುತ್ತೇವೆ. ಆದರೆ ಕೂತವರ ಸಾಲಿನಲ್ಲಿ ಆರು ಜನರಿದ್ದಾರೆ, ನೀವು ಐದೇ ಹೆಸರು ಕೊಟ್ಟಿದ್ದೀರಿ. ಚೆಂಡು ಹಿಡಿದುಕೊಂಡಿರುವವರು ಯಾರು, ಕೇಳಿ ತಿಳಿಸಿ.

ಇಂತಿ,
ಸಂಪಾದಕರು