ಹಗ್ಗ ಬಿಟ್ಟ ಮೇಲೂ ಗಂಟೆ ಹೊಡೆಯುತ್ತದೆ

ಕ್ರಿಸ್ತನಲ್ಲಿ ಪ್ರಿಯ ಸಹೋದರಿ,

ನಿಮ್ಮ ನಾಲ್ಕು ಪುಟದ ಪತ್ರವನ್ನು ಎರಡು ಸಲ ಓದಿದೆ. ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕಿಲ್ಲ. ಬೇರೆ ಓದುಗರಿಗಾಗಿ ವಿಷಯ ಮಾತ್ರ ಹೇಳುತ್ತೇನೆ. ತಂದೆ ತೀರಿಕೊಂಡ ಮೇಲೆ ಅಣ್ಣ ಬ್ಯಾಂಕ್ ಕೆಲಸಕ್ಕೆ ಅಂತ ನಿಮ್ಮ ಸಹಿ ಹಾಕಿಸಿಕೊಂಡರು. ಆಮೇಲೆ ನೋಡಿದರೆ ಮನೆ ಅವರೊಬ್ಬರ ಹೆಸರಿಗೆ ಆಗಿತ್ತು. ಕೇಳಿದ್ದಕ್ಕೆ, 'ನಿನ್ನ ಮದುವೆಗೆ ಖರ್ಚು ಮಾಡಿದ್ದು ಸಾಲದಾ?' ಅಂತ ವಾಟ್ಸಾಪಿನಲ್ಲಿ ವಾಯ್ಸ್ ಮೆಸೇಜ್ ಕಳಿಸಿದರು. ಶುಭ ಶುಕ್ರವಾರದ ದಿನ ನೀವು ಚರ್ಚಿನಲ್ಲಿ ಮೊಣಕಾಲೂರಿ, ಅತ್ತು, ಅವರನ್ನು ಕ್ಷಮಿಸಿದಿರಿ. ಆದರೂ ಪಾತ್ರೆ ತೊಳೆಯುವಾಗ ಮನಸ್ಸಿನಲ್ಲಿ ಅಣ್ಣನ ಜೊತೆ ಜಗಳ ನಡೆದೇ ಇರುತ್ತದೆ. 'ಹಾಗಾದರೆ ನಾನು ಕ್ಷಮಿಸಿದ್ದು ಸುಳ್ಳಾ? ನನ್ನ ವಿಶ್ವಾಸ ಪೊಳ್ಳಾ?' ಅಂತ ಕೇಳಿದ್ದೀರಿ.

ಸುಳ್ಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅಣ್ಣನ ಮೋಸಕ್ಕಿಂತ ಈ ಅನುಮಾನವೇ ನಿಮ್ಮನ್ನು ಜಾಸ್ತಿ ಹಿಂಡುತ್ತಿದೆ.

ಕೋರಿ ಟೆನ್ ಬೂಮ್ ಹೆಸರು ಕೇಳಿರಬಹುದು. ಹಾಲೆಂಡಿನ ಹಾರ್ಲೆಮ್ ಊರಲ್ಲಿ ಗಡಿಯಾರದ ಅಂಗಡಿ ಇದ್ದ ಮನೆತನ. ಯೆಹೂದ್ಯರನ್ನು ಮನೆಯಲ್ಲಿ ಬಚ್ಚಿಟ್ಟಿದ್ದಕ್ಕೆ 1944ರಲ್ಲಿ ನಾಜಿಗಳು ಅವರನ್ನು ಹಿಡಿದರು. ತಂದೆ ಸೆರೆಯಲ್ಲೇ ತೀರಿಕೊಂಡರು. ಅಕ್ಕ ಬೆಟ್ಸಿ ಅದೇ ವರ್ಷ ಡಿಸೆಂಬರಿನಲ್ಲಿ ನಾಜಿಗಳ ರಾವೆನ್ಸ್‌ಬ್ರೂಕ್ ಸೆರೆಶಿಬಿರದಲ್ಲಿ ಪ್ರಾಣ ಬಿಟ್ಟರು. 1947ರಲ್ಲಿ ಜರ್ಮನಿಯ ಮ್ಯೂನಿಕ್‌ನ ಒಂದು ಚರ್ಚಿನಲ್ಲಿ ಕೋರಿ ಕ್ಷಮೆಯ ಬಗ್ಗೆ ಮಾತಾಡಿ ಮುಗಿಸಿದ ಮೇಲೆ, ಅದೇ ಶಿಬಿರದ ಕಾವಲುಗಾರನೊಬ್ಬ ಬಂದು ಕೈ ಚಾಚಿದ. ಇವರ ಕೈ ಮೇಲೇಳಲಿಲ್ಲ. ಒಳಗೊಳಗೇ ಪ್ರಾರ್ಥಿಸಿ, ಹೇಗೋ ಕೈ ಕೊಟ್ಟರು.

ಇದು ಎಲ್ಲರೂ ಹೇಳುವ ಕಥೆ. ನಿಮಗೆ ಬೇಕಾದದ್ದು ಇದರ ಮುಂದಿನದು. ಆ ಕಾವಲುಗಾರನನ್ನು ಕ್ಷಮಿಸಿದ ಅದೇ ಕೋರಿ, ಎಷ್ಟೋ ವರ್ಷದ ಮೇಲೆ ತಮ್ಮದೇ ವಿಶ್ವಾಸಿ ಗೆಳೆಯರು ಮಾಡಿದ ನೋವಿಗೆ ನಿದ್ದೆ ಕಳೆದುಕೊಂಡರು. ಕ್ಷಮಿಸಿಯೂ ಆಗಿತ್ತು. ರಾತ್ರಿಯಾದರೆ ಎಲ್ಲ ಮತ್ತೆ ಶುರು. ಆಗ ಒಬ್ಬ ಪಾಸ್ಟರು ಚರ್ಚಿನ ಗಂಟೆಯನ್ನು ತೋರಿಸಿ ಹೇಳಿದರಂತೆ: ಹಗ್ಗ ಬಿಟ್ಟ ಮೇಲೂ ಗಂಟೆ ಸ್ವಲ್ಪ ಹೊತ್ತು ಹೊಡೆಯುತ್ತದೆ, ಮೆಲ್ಲಗೆ ನಿಲ್ಲುತ್ತದೆ. ನೀವೂ ಹಗ್ಗ ಬಿಟ್ಟಿದ್ದೀರಿ, ಸಹೋದರಿ. ಈಗ ಕೇಳುತ್ತಿರುವುದು ಹಳೆಯ ಎಳೆತದ ಸದ್ದು.

ಆದರೆ ಮತ್ತೆ ಹಗ್ಗ ಹಿಡಿಯಬಾರದು ಅಲ್ವಾ? ಅದೇ ಕೋರಿ ಆ ಗೆಳೆಯರ ಕಾಗದಗಳನ್ನು ಜೋಪಾನವಾಗಿ ಇಟ್ಟುಕೊಂಡಿದ್ದರು, ಅವರದೇ ತಪ್ಪು ಅನ್ನುವುದಕ್ಕೆ ಸಾಕ್ಷಿಯಾಗಿ. ಒಬ್ಬ ಸ್ನೇಹಿತ ಎಚ್ಚರಿಸಿದ ಮೇಲೆ ಅವನ್ನು ಸುಟ್ಟರು. ಇದನ್ನು ಬರೆಯುವಾಗ ನಿಮ್ಮ ಮೂರನೇ ಪುಟದ ಒಂದು ಸಾಲು ಕಣ್ಣ ಮುಂದಿದೆ: 'ರಾತ್ರಿ ನಿದ್ದೆ ಬರದಿದ್ದರೆ ಆ ಮೆಸೇಜನ್ನು ಮತ್ತೆ ಹಾಕಿ ಕೇಳುತ್ತೇನೆ.' ಅಮ್ಮಾ, ಅದೇ ಹಗ್ಗ.

ಪೇತ್ರ ಎಷ್ಟು ಸಲ ಕ್ಷಮಿಸಬೇಕು ಅಂತ ಕೇಳಿದಾಗ ಯೇಸು ಸ್ವಾಮಿ ಏಳೆಪ್ಪತ್ತು ಸಾರಿ ಅಂದರು. ಅಷ್ಟೊಂದು ಬೇರೆ ಬೇರೆ ತಪ್ಪು ಯಾರು ಮಾಡುತ್ತಾರೆ ಅಂತ ನಾನು ಬಹಳ ವರ್ಷ ಅಂದುಕೊಂಡಿದ್ದೆ. ಒಂದೇ ಸಹಿಯನ್ನು ಸಿಂಕಿನ ಮುಂದೆ ದಿನಕ್ಕೆ ಮೂರು ಸಲ ಕ್ಷಮಿಸಬೇಕಾಗುತ್ತದೆ ಅನ್ನುವುದು ನಿಮ್ಮಂಥವರ ಪತ್ರಗಳಿಂದ ನನಗೆ ಗೊತ್ತಾಗಿದ್ದು.

ಅದರ ಬೆನ್ನಿಗೇ ಹೇಳಿದ ಸಾಮ್ಯದಲ್ಲಿ, ಒಡೆಯನಿಂದ ಭಾರಿ ಸಾಲ ಮನ್ನಾ ಆದ ಒಬ್ಬ ಆಳಿಗೆ ಇನ್ನೊಬ್ಬ ಆಳು ನೂರು ದಿನಾರಿ ಸಾಲ ಬಾಕಿ ಇರುತ್ತಾನೆ. ಒಂದು ದಿನಾರಿ ಅಂದರೆ ಒಂದು ದಿನದ ಕೂಲಿ. ನೂರು ದಿನದ ಕೂಲಿ ಸಣ್ಣ ದುಡ್ಡಲ್ಲ. ದೇವರು ನಮಗೆ ಬಿಟ್ಟ ಸಾಲದ ಮುಂದೆ ಅದು ಚಿಕ್ಕದು, ನಿಜ. ಆದರೆ ನಿಮಗೆ ಆಗಿದ್ದು ಏನೂ ಅಲ್ಲ ಅಂತ ಯೇಸು ಎಲ್ಲೂ ಹೇಳಲಿಲ್ಲ. ನಾನೂ ಹೇಳುವುದಿಲ್ಲ.

ಯೋಚನೆಗೆ ಏನು ಮಾಡಲಿ ಅಂತಲೂ ಕೇಳಿದ್ದೀರಿ. ಪೌಲನು ಸೆರೆಯಿಂದ ಫಿಲಿಪ್ಪಿಯವರಿಗೆ ಬರೆದ ಪತ್ರದ ನಾಲ್ಕನೇ ಅಧ್ಯಾಯ ತೆಗೆಯಿರಿ. ಯಾವುದನ್ನು ಯೋಚಿಸಬೇಕು ಅನ್ನುವ ಪಟ್ಟಿ ಎಂಟನೇ ವಚನದಲ್ಲಿದೆ. ಎರಡನೇ ವಚನದಲ್ಲಿ ಏನಿದೆ ಗೊತ್ತಾ? ಅದೇ ಸಭೆಯ ಇಬ್ಬರು ಹೆಂಗಸರು ಒಂದಾಗಲಿ ಅನ್ನುವ ಬೇಡಿಕೆ. ಮುನಿಸಿಕೊಂಡವರಿದ್ದ ಸಭೆಗೇ ಪೌಲ ಅದನ್ನು ಬರೆದ. ಪಟ್ಟಿಯಲ್ಲಿ ಮೊದಲನೆಯದು 'ಸತ್ಯವಾದದ್ದು'. ಹಿತವಾದದ್ದು ಅಲ್ಲ, ಸತ್ಯವಾದದ್ದು. ಅಣ್ಣ ಮೋಸ ಮಾಡಿದ್ದು ಸತ್ಯ. ನಿಮಗೆ ಟೈಫಾಯ್ಡ್ ಬಂದಾಗ ಸೈಕಲ್ಲಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಓಡಿದ್ದೂ ಸತ್ಯ, ನೀವೇ ಬರೆದಿದ್ದೀರಿ. ಸಿಂಕಿನ ಮುಂದೆ ನೀವು ಆಡುವ ಜಗಳದಲ್ಲಿ ಅಣ್ಣ ಹೇಳುವ ಮಾತುಗಳಿವೆಯಲ್ಲ, ಅವನ್ನು ಅವರು ಯಾವತ್ತೂ ಹೇಳಿಯೇ ಇಲ್ಲ. ಅದು ಸತ್ಯವಲ್ಲ. ಅಲ್ಲಿಗೆ ನಲ್ಲಿ ನಿಲ್ಲಿಸಿ, ಸೈಕಲ್ಲಿನ ಅಣ್ಣನಿಗಾಗಿ ಒಂದು ಸಾಲು ಪ್ರಾರ್ಥನೆ ಮಾಡಿ. ಆಮೇಲೆ ಮುಂದಿನ ತಟ್ಟೆ.

ಕೊನೆಗೆ, ಕ್ಷಮಿಸಿದವಳು ಪಾಲು ಕೇಳಬಹುದಾ ಅನ್ನುವ ಪ್ರಶ್ನೆ. ಕೇಳಬಹುದು. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ತಂದೆ ವಿಲ್ ಬರೆಯದೆ ತೀರಿಕೊಂಡಿದ್ದರೆ ಕ್ರೈಸ್ತ ಮಗನಿಗೂ ಮಗಳಿಗೂ ಸಮಪಾಲು. ಸಹಿ ಹಾಕಿದ ಪತ್ರದ ಪ್ರತಿ ತೆಗೆಸಿ, ವಕೀಲರೊಬ್ಬರಿಗೆ ತೋರಿಸಿ. ಸಿಟ್ಟು ನೆತ್ತಿಗೇರಿದ ದಿನ ಮಾತ್ರ ಹೋಗಬೇಡಿ. ಆ ವಾಯ್ಸ್ ಮೆಸೇಜನ್ನೂ ವಕೀಲರಿಗೇ ಕಳಿಸಿ. ಬೇಕೋ ಬೇಡವೋ ಅವರು ಹೇಳಲಿ. ನಿಮ್ಮ ಫೋನಿನಲ್ಲಿ, ದಿಂಬಿನ ಪಕ್ಕದಲ್ಲಿ ಅದು ಇರುವುದು ಬೇಡ.

ಅದನ್ನು ಅಳಿಸಿದ ದಿನ ನನಗೆ ಒಂದು ಸಾಲು ಬರೆಯಿರಿ.

ಸಂಪಾದಕ