ಲೇಸರ್ ಚಿಕಿತ್ಸೆಯ ಬಳಿಕ ತೊಡೆಯಲ್ಲಿ ಬಿಗಿತ: ಗಾಬರಿಯಾಗಬೇಕೆ?

ಪ್ರಶ್ನೆ: ನನಗೆ 46 ವರ್ಷ. ಹೋಟೆಲಿನಲ್ಲಿ ದೋಸೆ ಹುಯ್ಯುವ ಕೆಲಸ. ಬೆಳಗಿನಿಂದ ಮಧ್ಯಾಹ್ನದವರೆಗೆ ಕಾವಲಿಯ ಮುಂದೆ ನಿಂತೇ ಇರುತ್ತೇನೆ. ಬಲಗಾಲಿನಲ್ಲಿ ರಕ್ತನಾಳ ಉಬ್ಬುವ ವೆರಿಕೋಸ್ ವೇನ್ಸ್‌ಗೆ ಹತ್ತು ದಿನಗಳ ಹಿಂದೆ ಲೇಸರ್ ಚಿಕಿತ್ಸೆ ಮಾಡಿ, ಮಂಡಿಯ ಕೆಳಗೆ ಉಬ್ಬಿದ್ದ ರಕ್ತನಾಳಗಳನ್ನು ಸಣ್ಣ ಗಾಯಗಳ ಮೂಲಕ ತೆಗೆದರು. ಮೊದಲ ನಾಲ್ಕೈದು ದಿನ ಆರಾಮವಾಗಿದ್ದೆ. ಈಗ ತೊಡೆಯ ಒಳಭಾಗದಲ್ಲಿ ಹಗ್ಗ ಎಳೆದಂತೆ ಬಿಗಿತ, ನೋವು, ನೀಲಿ ಕಲೆ. ಮಂಡಿಯ ಕೆಳಗೆ ಒಂದು ಕಡೆ ಮುಟ್ಟಿದರೆ ಗೊತ್ತಾಗುವುದಿಲ್ಲ. ಮನೆಯವರು ಓಡಾಡಬೇಡ, ಮಲಗಿರು ಎನ್ನುತ್ತಾರೆ. ಅಮ್ಮ ಎಣ್ಣೆ ತಿಕ್ಕಿ ಶಾಖ ಕೊಡುತ್ತೇನೆ ಎನ್ನುತ್ತಾರೆ. ಚಿಕಿತ್ಸೆ ಕೆಟ್ಟಿತೇ? ಕೆಲಸಕ್ಕೆ ಯಾವಾಗ ಹೋಗಬಹುದು? ಕಾಯಿಲೆ ಮತ್ತೆ ಬರುತ್ತದೆಯೇ?
— ಹೆಸರು ಬೇಡ, ದಾವಣಗೆರೆ

ಉತ್ತರ: ನೀವು ಬರೆದಿರುವ ಲಕ್ಷಣಗಳನ್ನು ನೋಡಿದರೆ ಚಿಕಿತ್ಸೆ ಕೆಟ್ಟಂತೆ ಕಾಣುವುದಿಲ್ಲ. ಮೊದಲು ಆರಾಮವೆನಿಸಿ, ವಾರದ ಹೊತ್ತಿಗೆ ನೋವು ಹೆಚ್ಚಾಗುವುದು ಲೇಸರ್ ಚಿಕಿತ್ಸೆ ಮಾಡಿಸಿಕೊಂಡ ಬಹಳ ಮಂದಿಯ ಅನುಭವ. ಈ ಮಾತನ್ನು ಆಸ್ಪತ್ರೆಯಿಂದ ಕಳಿಸುವಾಗಲೇ ಬಿಡಿಸಿ ಹೇಳಿದರೆ ರೋಗಿಗಳ ಅರ್ಧ ಆತಂಕ ಕಡಿಮೆಯಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಲೇಸರ್ ಚಿಕಿತ್ಸೆಯಲ್ಲಿ, ರಕ್ತ ಕೆಳಕ್ಕೆ ಮರಳದಂತೆ ತಡೆಯುವ ಕವಾಟ ಕೆಟ್ಟ ರಕ್ತನಾಳವನ್ನು ಹೊರಗೆ ತೆಗೆಯುವುದಿಲ್ಲ. ಒಳಗಿನಿಂದ ಶಾಖ ಕೊಟ್ಟು ಅದನ್ನು ಮುಚ್ಚಲಾಗುತ್ತದೆ. ಮುಚ್ಚಿದ ನಾಳದ ಸುತ್ತ ಕೆಲವು ದಿನಗಳಲ್ಲಿ ಉರಿಯೂತ ಶುರುವಾಗಿ, ನಾಳ ಗಟ್ಟಿಯಾದ ಎಳೆಯಂತಾಗುತ್ತದೆ. ಕಾಲು ನೀಡಿದಾಗ ತೊಡೆಯ ಒಳಭಾಗದಲ್ಲಿ ಅದೇ ಬಿಗಿದಂತಾಗುವುದು, ಬೆರಳಿಗೆ ಸಿಗುವುದೂ ಅದೇ. ಬಿಗಿತ ಸಾಮಾನ್ಯವಾಗಿ ಎರಡು ಮೂರು ವಾರಗಳಲ್ಲಿ ಸಡಿಲವಾಗುತ್ತದೆ. ಗಟ್ಟಿಯಾದ ನಾಳವನ್ನು ದೇಹವೇ ಕೆಲವು ತಿಂಗಳುಗಳಲ್ಲಿ ಕರಗಿಸಿಕೊಳ್ಳುತ್ತದೆ. ನೀಲಿ ಕಲೆಯು ಚರ್ಮದಡಿ ಸೋರಿದ ರಕ್ತದಿಂದ ಆದದ್ದು. ಅದು ಹಸಿರಾಗಿ, ಹಳದಿಯಾಗಿ, ಸಾಮಾನ್ಯವಾಗಿ ತಿಂಗಳೊಳಗೆ ಮಾಯುತ್ತದೆ. ಒಂದು ನಾಳ ಮುಚ್ಚಿದರೆ ರಕ್ತ ಹೇಗೆ ಹರಿಯುತ್ತದೆ ಎಂಬ ಭಯವೂ ಬೇಡ. ಕಾಲಿನಿಂದ ಹೃದಯಕ್ಕೆ ಮರಳುವ ರಕ್ತದ ಬಹುಪಾಲು ಸ್ನಾಯುಗಳ ನಡುವಿನ ಆಳದ ನಾಳಗಳಲ್ಲೇ ಹರಿಯುತ್ತದೆ.

ಮುಟ್ಟಿದರೆ ಗೊತ್ತಾಗದಿರುವುದಕ್ಕೆ ಕಾರಣ ಬೇರೆ. ಮಂಡಿಯ ಕೆಳಗೆ ಸ್ಪರ್ಶಜ್ಞಾನದ ನರವೊಂದು ಈ ರಕ್ತನಾಳಕ್ಕೆ ಅಂಟಿಕೊಂಡಂತೆಯೇ ಸಾಗುತ್ತದೆ; ಶಾಖದಿಂದಲೋ ಗಾಯದಿಂದಲೋ ಅದಕ್ಕೆ ಪೆಟ್ಟಾದಾಗ ಅಷ್ಟು ಜಾಗ ಜೋಮು ಹಿಡಿದಂತಿರುತ್ತದೆ. ಬಹುತೇಕರಲ್ಲಿ ಇದು ವಾರಗಳಿಂದ ತಿಂಗಳುಗಳೊಳಗೆ ಸರಿಹೋಗುತ್ತದೆ, ಕೆಲವರಲ್ಲಿ ಅಂಗೈಯಗಲದ ಒಂದು ಜಾಗ ಹಾಗೆಯೇ ಉಳಿಯುವುದೂ ಉಂಟು. ನಡಿಗೆಯ ಬಲಕ್ಕೆ ಇದರಿಂದ ತೊಂದರೆಯಿಲ್ಲ. ಆದರೆ ನೀವು ಒಲೆಯ ಬಳಿ ಕೆಲಸ ಮಾಡುವವರಾದ್ದರಿಂದ ಆ ಜಾಗಕ್ಕೆ ಬಿಸಿ ತಗುಲಿದರೂ ತಿಳಿಯದೇ ಹೋಗಬಹುದು, ಅದರ ಮೇಲೆ ಕಣ್ಣಿಡಿ.

ಮನೆಯವರ ಕಾಳಜಿ ಅರ್ಥವಾಗುತ್ತದೆ, ಆದರೆ ಮಲಗಿಯೇ ಇರುವುದು ನಿಮಗೆ ಒಳ್ಳೆಯದಲ್ಲ. ಮೀನಖಂಡದ ಸ್ನಾಯು ಹಿಂಡಿದಾಗಲೇ ಕಾಲಿನ ರಕ್ತ ಮೇಲಕ್ಕೇರುವುದು. ಕಾಲು ಅಲುಗದೆ ಬಿದ್ದಿದ್ದರೆ ರಕ್ತ ಆಳದ ನಾಳದಲ್ಲಿ ನಿಂತು ಹೆಪ್ಪುಗಟ್ಟುವ ಸಂಭವ ಹೆಚ್ಚುತ್ತದೆ. ಆದ್ದರಿಂದಲೇ ಚಿಕಿತ್ಸೆಯಾದ ದಿನವೇ ರೋಗಿಯನ್ನು ಎಬ್ಬಿಸಿ ನಡೆಸುತ್ತೇವೆ. ಎಚ್ಚರವಿರುವಾಗ ಗಂಟೆಗೊಮ್ಮೆ ಐದಾರು ನಿಮಿಷವಾದರೂ ನಡೆಯಿರಿ, ಕುಳಿತಾಗ ಪಾದವನ್ನು ಮೇಲೆ ಕೆಳಗೆ ಆಡಿಸುತ್ತಿರಿ, ಮಲಗಿದಾಗ ಕಾಲಿನಡಿ ದಿಂಬಿಡಿ. ಎಣ್ಣೆ ತಿಕ್ಕುವುದು ಮತ್ತು ಶಾಖ ಕೊಡುವುದು ಈಗ ಬೇಡ. ಗಾಯಕ್ಕೆ ಅರಿಶಿನದ ಪುಡಿಯೂ ಬೇಡ. ಇದನ್ನು ತಾಯಿಯವರಿಗೆ ಬೇಸರವಾಗದಂತೆ ತಿಳಿಹೇಳಿ. ಉರಿಯೂತ ತಗ್ಗಿಸುವ ನೋವಿನ ಮಾತ್ರೆಗಳು ಈ ಬಿಗಿತಕ್ಕೆ ಚೆನ್ನಾಗಿ ಕೆಲಸ ಮಾಡುತ್ತವಾದರೂ ಹೊಟ್ಟೆಹುಣ್ಣು, ಕಿಡ್ನಿ ತೊಂದರೆ ಇರುವವರಿಗೆ ಅಥವಾ ರಕ್ತ ತೆಳುಮಾಡುವ ಮಾತ್ರೆ ನುಂಗುವವರಿಗೆ ಅವು ಅಪಾಯಕಾರಿ. ಹಾಗಾಗಿ ಅಂಗಡಿಯಿಂದ ನೀವೇ ತಂದುಕೊಳ್ಳದೆ ವೈದ್ಯರನ್ನು ಕೇಳಿ.

ಬಿಗಿ ಸಾಕ್ಸ್ ಕೊಟ್ಟಿದ್ದರೆ ಅದನ್ನು ಎಷ್ಟು ದಿನ ಹಾಕಬೇಕೆಂಬುದನ್ನು ನಿಮ್ಮ ಶಸ್ತ್ರಚಿಕಿತ್ಸಕರೇ ಹೇಳಬೇಕು. ವೈದ್ಯರಿಂದ ವೈದ್ಯರಿಗೆ ಈ ಅವಧಿ ಬದಲಾಗುತ್ತದೆ. ಬೆಳಿಗ್ಗೆ ಕಾಲು ಊದಿಕೊಳ್ಳುವ ಮೊದಲೇ, ಹಾಸಿಗೆಯಲ್ಲಿ ಕುಳಿತಿರುವಾಗಲೇ ಹಾಕಿಕೊಳ್ಳಿ. ತೊಡೆಯಿಂದ ಅದು ಸುರುಳಿಯಾಗಿ ಕೆಳಗಿಳಿದು ಮಂಡಿಯ ಬಳಿ ಬಿಗಿಯಾಗಿ ಕೂತರೆ ಪಟ್ಟಿ ಕಟ್ಟಿದಂತಾಗಿ ಕಾಲು ಇನ್ನಷ್ಟು ಊದುತ್ತದೆ. ಹಾಗಾದರೆ ಸುಕ್ಕಿಲ್ಲದಂತೆ ಎಳೆದುಕೊಳ್ಳಿ ಅಥವಾ ಅಳತೆ ಬದಲಿಸಿ. ಬೆರಳುಗಳು ತಣ್ಣಗಾದರೆ, ನೀಲಿಗಟ್ಟಿದರೆ ಕೂಡಲೇ ಬಿಚ್ಚಿ.

ಯಾವುದಕ್ಕೆ ತಡಮಾಡಬಾರದು ಎಂಬುದನ್ನು ಮನೆಯವರಿಗೂ ಓದಿಸಿ. ಮೀನಖಂಡ ಅಥವಾ ಇಡೀ ಕಾಲು ಇದ್ದಕ್ಕಿದ್ದಂತೆ ಊದಿ ಒಂದೇ ಸಮನೆ ನೋಯತೊಡಗಿದರೆ ಅದೇ ದಿನ ಡಾಪ್ಲರ್ ಸ್ಕ್ಯಾನ್ ಆಗಬೇಕು, ಆಳದ ನಾಳದಲ್ಲಿ ಹೆಪ್ಪು ಇದೆಯೇ ಎಂದು ತಿಳಿಯುವುದು ಅದರಿಂದ. ಎದೆನೋವು, ಏದುಸಿರು, ಕೆಮ್ಮಿದಾಗ ರಕ್ತ ಕಂಡರೆ ಹೆಪ್ಪು ಶ್ವಾಸಕೋಶಕ್ಕೆ ಹೋಗಿರಬಹುದು, 108ಕ್ಕೆ ಕರೆಮಾಡಿ. ಇದು ಅಪರೂಪ, ಆದರೆ ಜೀವಕ್ಕೆ ಅಪಾಯ. ಗಾಯದ ಸುತ್ತ ಕೆಂಪು ಹರಡುತ್ತಿದ್ದರೆ, ಕೀವು, ಜ್ವರ ಬಂದರೆ ಅದು ಸೋಂಕು. ಗಾಯದಿಂದ ರಕ್ತ ಬಂದರೆ ಮಲಗಿ, ಕಾಲು ಮೇಲೆತ್ತಿ, ಶುಭ್ರ ಬಟ್ಟೆಯಿಂದ ಹತ್ತು ನಿಮಿಷ ಬಿಡದೆ ಒತ್ತಿಹಿಡಿಯಿರಿ. ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಿ.

ಕುಳಿತು ಮಾಡುವ ಕೆಲಸದವರು ಸಾಮಾನ್ಯವಾಗಿ ವಾರದೊಳಗೆ ಮರಳುತ್ತಾರೆ. ನಿಮ್ಮದು ಕದಲದೆ ನಿಲ್ಲುವ ಕೆಲಸ. ಅದರ ಮೇಲೆ ಕಾವಲಿಯ ಕಾವು ಕಾಲಿನ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಎರಡರಿಂದ ಮೂರು ವಾರ ಬಿಟ್ಟು, ಮೊದಲು ಅರ್ಧ ದಿನದಿಂದ ಆರಂಭಿಸುವುದು ನನ್ನ ಸಲಹೆ. ಹಿಟ್ಟಿನ ದೊಡ್ಡ ಪಾತ್ರೆಗಳನ್ನು ಸದ್ಯಕ್ಕೆ ಬೇರೆಯವರು ಎತ್ತಲಿ. ದೋಸೆ ಬೇಯುವ ಆ ಒಂದೆರಡು ನಿಮಿಷದಲ್ಲಿ ಹಿಮ್ಮಡಿ ಎತ್ತಿ ಇಳಿಸಿ, ನಿಂತಲ್ಲೇ ಹೆಜ್ಜೆ ಹಾಕಿ. ಗಂಟೆಗೊಮ್ಮೆ ಯಾರಿಗಾದರೂ ಸಟ್ಟುಗ ಕೊಟ್ಟು ಸ್ವಲ್ಪ ನಡೆದುಬನ್ನಿ. ಮಾಲೀಕರು ಒಪ್ಪದಿದ್ದರೆ ವೈದ್ಯರಿಂದ ಚೀಟಿ ಬರೆಸಿಕೊಳ್ಳಿ, ಸಂಕೋಚ ಬೇಡ.

ಮುಚ್ಚಿದ ನಾಳ ಮತ್ತೆ ತೆರೆದುಕೊಳ್ಳುವುದು ಕಡಿಮೆ, ಆದರೆ ವರ್ಷಗಳು ಕಳೆದಂತೆ ಬೇರೆ ನಾಳಗಳ ಕವಾಟ ಸೋಲಬಹುದು. ಮತ್ತೆ ಬರುವುದೇ ಇಲ್ಲ ಎಂಬ ಭರವಸೆಯನ್ನು ನಾನು ಕೊಡಲಾರೆ. ನಡಿಗೆ, ತೂಕದ ಮೇಲಿನ ಹಿಡಿತ, ಕೆಲಸದ ಹೊತ್ತಿನಲ್ಲಿ ಸಾಕ್ಸ್ ಇವುಗಳಿಂದ ಕಾಲಿನ ಭಾರ, ಊತ ಹತೋಟಿಯಲ್ಲಿರುತ್ತವೆ. ಹೇಳಿದ ದಿನ ತಪ್ಪದೆ ತೋರಿಸಿಕೊಳ್ಳಿ; ಆಗ ನಿಮ್ಮ ಎಡಗಾಲನ್ನೂ ಒಮ್ಮೆ ಡಾಪ್ಲರ್‌ನಲ್ಲಿ ನೋಡಬೇಕೇ ಎಂದು ಕೇಳಿ, ಏಕೆಂದರೆ ಅಷ್ಟೇ ಹೊತ್ತು ಅದೂ ನಿಂತಿದೆ.